ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ: ಇತಿಹಾಸವನ್ನೂ ಕಾಡನ್ನೂ ಪ್ರೀತಿಸುವವರು ಬಳಸಲೇಬೇಕಾದ ಜಾಲತಾಣ

ಒಂದು ಪ್ರಾಣಿ ನೂರೈವತ್ತು ವರ್ಷದ ಹಿಂದೆ ಎಲ್ಲೆಲ್ಲಿ ಬದುಕಿತ್ತು ಎಂದು ತಿಳಿಯದೆ ಅದನ್ನು ಎಲ್ಲಿ ಉಳಿಸಬೇಕೆಂದು ಹೇಳುವುದು ಕಷ್ಟ. ಆ ಮಾಹಿತಿ ಇರುವುದು ಹಳೆಯ ಪುಸ್ತಕ, ನಿಯತಕಾಲಿಕೆಗಳಲ್ಲಿ. 2006ರಲ್ಲಿ ಶುರುವಾದ ಈ ಡಿಜಿಟಲ್ ಗ್ರಂಥಾಲಯ ಹಲವು ದೇಶಗಳ ನಿಸರ್ಗ ವಿಜ್ಞಾನ ಗ್ರಂಥಾಲಯಗಳ ಸಂಗ್ರಹವನ್ನು ಸ್ಕ್ಯಾನ್ ಮಾಡಿ ಒಂದೆಡೆ ಇಟ್ಟಿದೆ. ಓದಲು ಹಣವೂ ಬೇಡ, ಖಾತೆಯೂ ಬೇಡ. 1886ರಿಂದ ಬರುತ್ತಿರುವ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಜರ್ನಲ್‌ನ ಹಳೆಯ ಸಂಪುಟಗಳೂ ಇಲ್ಲಿ ಸಿಗುತ್ತವೆ. ಆ ಒಂದು ಕಾರಣಕ್ಕೇ ಇದು ನಮಗೆ ದೊಡ್ಡ ಆಸ್ತಿ.

ಇದರ ನಿಜವಾದ ಬಲ ವೈಜ್ಞಾನಿಕ ಹೆಸರುಗಳ ಹುಡುಕಾಟ. ಪ್ರತಿ ಪುಟದಲ್ಲಿರುವ ಜೀವಿಗಳ ಹೆಸರನ್ನು ಯಂತ್ರವೇ ಗುರುತಿಸಿ ಪಕ್ಕದಲ್ಲಿ ಪಟ್ಟಿ ಮಾಡುತ್ತದೆ. ಹೆಸರನ್ನು ಒತ್ತಿದರೆ ಇಡೀ ಸಂಗ್ರಹದಲ್ಲಿ ಅದು ಬರುವ ಪುಟಗಳು ತೆರೆದುಕೊಳ್ಳುತ್ತವೆ. ಆದರೆ ಹೊಸಬರು ಎಡವುವುದೂ ಇಲ್ಲೇ. ಎರೆಭೂತ ಹಕ್ಕಿಯ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್‌ನ, ಇಂದಿನ ವೈಜ್ಞಾನಿಕ ಹೆಸರು ಆರ್ಡಿಯೋಟಿಸ್ ನೈಗ್ರಿಸೆಪ್ಸ್. ಅದೊಂದನ್ನೇ ಕೊಟ್ಟು ಹುಡುಕಿದರೆ ಹತ್ತೊಂಬತ್ತನೇ ಶತಮಾನದ ಮುಖ್ಯ ದಾಖಲೆಗಳೇ ತಪ್ಪಿಹೋಗುತ್ತವೆ. ಭಾರತದ ಹಕ್ಕಿಗಳ ಬಗ್ಗೆ ಬ್ರಿಟಿಷ್ ನಿಸರ್ಗ ವಿಜ್ಞಾನಿಗಳಾದ ಜೆರ್ಡನ್ 1862–64ರಲ್ಲಿ, ಬ್ಲಾನ್‌ಫೋರ್ಡ್ 1898ರಲ್ಲಿ ಬರೆದಾಗ ಅದು ಯೂಪೊಡೋಟಿಸ್ ಎಡ್ವರ್ಡ್ಸಿ. 1920ರ ದಶಕದ ಹೊತ್ತಿಗೆ ಕೋರಿಯೋಟಿಸ್ ನೈಗ್ರಿಸೆಪ್ಸ್. ಆದ್ದರಿಂದ ಮೊದಲು ಯಾವುದಾದರೂ ಹಳೆಯ ಪ್ರಾಣಿಕೋಶದಲ್ಲಿ ಆ ಜೀವಿಯ ಸಮಾನನಾಮಗಳ, ಅಂದರೆ ಅದಕ್ಕೆ ಬೇರೆಬೇರೆ ಕಾಲದಲ್ಲಿ ಬಳಸಿದ ವೈಜ್ಞಾನಿಕ ಹೆಸರುಗಳ, ಪಟ್ಟಿ ತೆಗೆದು ಬರೆದಿಟ್ಟುಕೊಳ್ಳಿ. ಒಂದೊಂದನ್ನೂ ಬೇರೆಬೇರೆಯಾಗಿ ಹುಡುಕಿ. ಊರುಗಳಿಗೂ ಇದೇ ದಾರಿ: ಇಂದಿನ ಕಾಗುಣಿತ ಬಿಟ್ಟು ಬ್ರಿಟಿಷರ ಕಾಲದ್ದನ್ನು ಹಾಕಿ.

ಯಂತ್ರ ಓದಿ ಕೊಟ್ಟ ಪಠ್ಯವನ್ನು ನಂಬಿ ಉಲ್ಲೇಖಿಸಬೇಡಿ. ಓರೆ ಅಕ್ಷರದಲ್ಲಿ ಅಚ್ಚಾದ ಹೆಸರುಗಳು ಅದಕ್ಕೆ ಸರಿಯಾಗಿ ದಕ್ಕುವುದಿಲ್ಲ; ಎರಡು ಕಾಲಂಗಳ ಸಾಲುಗಳು ಬೆರೆತುಹೋಗುವುದೂ ಉಂಟು. 1800ಕ್ಕಿಂತ ಹಿಂದಿನ ಇಂಗ್ಲಿಷ್ ಪುಸ್ತಕಗಳಲ್ಲಿ ಎಫ್‌ನಂತೆ ಕಾಣುವ ಉದ್ದನೆಯ ಎಸ್ ಅಕ್ಷರ ಯಂತ್ರದ ಓದಿನಲ್ಲಿ ಎಫ್ ಆಗಿಬಿಡುತ್ತದೆ. ಹುಡುಕಾಟದಲ್ಲಿ ಏನೂ ಸಿಗದಿದ್ದರೆ ಪುಸ್ತಕದಲ್ಲೇ ಇಲ್ಲವೆಂದು ತೀರ್ಮಾನಿಸದೆ ಕೊನೆಯ ಪದಸೂಚಿ ತೆರೆದು ನೋಡಿ. ಅಂಕಿ, ತೂಕ, ದಿನಾಂಕಗಳನ್ನಂತೂ ಚಿತ್ರರೂಪದ ಪುಟದಿಂದಲೇ ಬರೆದುಕೊಳ್ಳಬೇಕು.

ಡೌನ್‌ಲೋಡ್ ಸೌಲಭ್ಯ ಚೆನ್ನಾಗಿದೆ. ಇಡೀ ಸಂಪುಟದ ಪಿಡಿಎಫ್ ಭಾರವಾಗಿರುತ್ತದೆ. ಬೇಕಾದ ಪುಟಗಳನ್ನಷ್ಟೇ ಆರಿಸಿ ಸಣ್ಣ ಪಿಡಿಎಫ್ ಮಾಡಿಕೊಳ್ಳಬಹುದು. ಆರಿಸುವಾಗ ಮುಖಪುಟವನ್ನೂ ಸೇರಿಸಿಕೊಳ್ಳಿ, ಇಲ್ಲವಾದರೆ ಆರು ತಿಂಗಳ ನಂತರ ಆ ಹಾಳೆಗಳು ಯಾವ ಪುಸ್ತಕದ್ದೆಂದೇ ತಿಳಿಯುವುದಿಲ್ಲ. ಪ್ರತಿ ಪುಟಕ್ಕೂ ಅದರದೇ ಕೊಂಡಿ ಇದೆ; ಟಿಪ್ಪಣಿಯಲ್ಲಿ ಅದನ್ನೇ ಬರೆದಿಡುವುದು ಉತ್ತಮ. ಕಂತುಕಂತಾಗಿ ಪ್ರಕಟವಾದ ಕೃತಿಗಳಲ್ಲಿ ಮುಖಪುಟದ ಇಸವಿ ಎಲ್ಲ ಪುಟಗಳಿಗೂ ಹೊಂದುವುದಿಲ್ಲ ಎಂಬುದು ನೆನಪಿರಲಿ. ಹಕ್ಕುಗಳ ವಿವರವನ್ನು ಸಂಪುಟವಾರು ಓದಬೇಕು: ಹಳೆಯವು ಹೆಚ್ಚಾಗಿ ಮುಕ್ತ, ಇತ್ತೀಚಿನ ಸಂಚಿಕೆಗಳಿಗೆ ವಾಣಿಜ್ಯ ಬಳಕೆಯ ನಿರ್ಬಂಧ ಇರಬಹುದು.

ಕೊರತೆಗಳೂ ಇವೆ. ಮಡಚಿಟ್ಟ ದೊಡ್ಡ ನಕ್ಷೆಗಳು ಕೆಲವು ಪ್ರತಿಗಳಲ್ಲಿ ಬಿಡಿಸದೆಯೇ ಸ್ಕ್ಯಾನ್ ಆಗಿವೆ; ಆಗ ಅದೇ ಪುಸ್ತಕದ ಇನ್ನೊಂದು ಗ್ರಂಥಾಲಯದ ಪ್ರತಿ ಇದೆಯೇ ನೋಡಿ. ಭಾರತೀಯ ಭಾಷೆಗಳ ಬರಹವನ್ನು ಇಲ್ಲಿ ನಿರೀಕ್ಷಿಸಬೇಡಿ, ಅರಣ್ಯ ಇಲಾಖೆಯ ಕಡತಗಳನ್ನೂ ಅಷ್ಟೆ. ಇನ್ನೊಂದು ಎಚ್ಚರ ಗ್ರಂಥಾಲಯದ ತಪ್ಪಲ್ಲ, ದಾಖಲೆಯ ಸ್ವಭಾವ: ಆ ಕಾಲದ ಬರಹಗಾರರಲ್ಲಿ ಬೇಟೆಗಾರರು, ಸೇನಾಧಿಕಾರಿಗಳು ಬಹಳ. ಅವರು ಬೀಡುಬಿಟ್ಟ ಕಡೆ ಪ್ರಾಣಿಗಳ ವರದಿ ದಟ್ಟವಾಗಿರುತ್ತದೆ, ಹೋಗದ ಕಡೆ ಖಾಲಿ. ವ್ಯಾಪ್ತಿಯ ನಕ್ಷೆ ಬಿಡಿಸುವಾಗ ಆ ಖಾಲಿ ಜಾಗಕ್ಕೆ ‘ಪ್ರಾಣಿ ಇರಲಿಲ್ಲ’ ಎಂದು ಬರೆಯದೆ ‘ದಾಖಲೆ ಇಲ್ಲ’ ಎಂದೇ ಗುರುತು ಹಾಕಬೇಕು.