ಒಂದೇ ಶೀಟು, ಮೂರು ಲೆಕ್ಕ

ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಟೂಲ್‌ರೂಮಿನಲ್ಲಿ ನನ್ನ ಕೆಲಸ. ಡೈ (ಶೀಟನ್ನು ಒತ್ತಿ ಆಕಾರ ಕೊಡುವ ಅಚ್ಚು) ಮಾಡುವ ಮುಂಚೆ ಶೀಟಿಗೆ ಕ್ರ್ಯಾಕ್ ಬರುತ್ತದೋ, ಸುಕ್ಕು ಬೀಳುತ್ತದೋ ಅಂತ ಕಂಪ್ಯೂಟರಿನಲ್ಲಿ ನೋಡಬೇಕು. ಹೋದ ತಿಂಗಳು 1.2 ಮಿ.ಮೀ. ಉಕ್ಕಿನ ಶೀಟಿನಲ್ಲಿ ಚೌಕ ಬಟ್ಟಲಿನಂಥ ಪಾರ್ಟು ಬಂತು. ಅದನ್ನೇ ಮೂರು ಬಗೆಯ ಲೆಕ್ಕದಲ್ಲಿ ಓಡಿಸಿ ನೋಡಿದೆ.

ಮೊದಲನೆಯದು ಒನ್-ಸ್ಟೆಪ್. ಸಿದ್ಧ ಪಾರ್ಟಿನಿಂದ ಹಿಂದಕ್ಕೆ ಹೋಗಿ, ಬ್ಲ್ಯಾಂಕ್ (ಒತ್ತುವ ಮುಂಚಿನ ಚಪ್ಪಟೆ ತುಂಡು) ಎಷ್ಟು ದೊಡ್ಡದಿರಬೇಕು ಅಂತ ಹೇಳುತ್ತದೆ. ಟೀ ಲೋಟ ಕೈಗೆ ಬರುವಷ್ಟರಲ್ಲಿ ಉತ್ತರ ರೆಡಿ. ಕೊಟೇಶನ್‌ಗೆ ಇಷ್ಟು ಸಾಕು. ಸುಕ್ಕಿನ ವಿಚಾರ ಮಾತ್ರ ಇದನ್ನು ಕೇಳಬೇಡಿ. ಶೀಟು ದಾರಿಯಲ್ಲಿ ಏನೇನು ಅನುಭವಿಸಿತು ಅನ್ನೋದು ಇದಕ್ಕೆ ಗೊತ್ತೇ ಇಲ್ಲ.

ಎರಡನೆಯದು ಎಕ್ಸ್‌ಪ್ಲಿಸಿಟ್: ಒತ್ತುವುದನ್ನು ಮೊದಲಿನಿಂದ ಕೊನೆಯವರೆಗೆ ಕಿರು ಕಿರು ಹೊತ್ತಿನ ಹೆಜ್ಜೆಗಳಲ್ಲಿ ಲೆಕ್ಕ ಹಾಕುವುದು. ಎಲ್‌ಎಸ್-ಡೈನಾ ಸಾಫ್ಟ್‌ವೇರ್ ಬಳಸಿದವರಿಗೆ ಇದು ಗೊತ್ತು. ಉಕ್ಕಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 5000 ಮೀಟರ್ ಓಡುತ್ತದೆ. 2 ಮಿ.ಮೀ. ಎಲಿಮೆಂಟ್ (ಲೆಕ್ಕಕ್ಕಾಗಿ ಶೀಟನ್ನು ಒಡೆದ ಒಂದು ಚೂರು) ದಾಟಲು ಅದಕ್ಕೆ 0.4 ಮೈಕ್ರೊಸೆಕೆಂಡ್ ಬೇಕು. ಲೆಕ್ಕದ ಒಂದು ಹೆಜ್ಜೆ ಅದಕ್ಕಿಂತ ದೊಡ್ಡದಾಗುವ ಹಾಗಿಲ್ಲ. ಪಂಚ್ (ಶೀಟನ್ನು ಒಳಕ್ಕೆ ಒತ್ತುವ ಭಾಗ) 100 ಮಿ.ಮೀ. ಇಳಿಯಲು ಪ್ರೆಸ್ಸಿನಲ್ಲಿ ಒಂದು ಸೆಕೆಂಡ್ ಹಿಡಿದರೆ 25 ಲಕ್ಷ ಹೆಜ್ಜೆ! ಅದಕ್ಕೇ ಪಂಚ್‌ನ ವೇಗವನ್ನು ಸುಳ್ಳುಸುಳ್ಳೇ ಏರಿಸುತ್ತೇವೆ. ಸೆಕೆಂಡಿಗೆ 2 ಮೀಟರ್ ಇಟ್ಟೆ, ಹೆಜ್ಜೆ ಒಂದೂಕಾಲು ಲಕ್ಷಕ್ಕೆ ಇಳಿಯಿತು. ಆಸೆಗೆ ಬಿದ್ದು 10 ಮೀಟರ್ ಮಾಡಿದೆ ನೋಡಿ, ಪಂಚ್ ಮುಟ್ಟಿದ ಕಡೆ ಶೀಟು ಚಿಮ್ಮಿ ಪಂಚ್‌ಗಿಂತ ಮುಂದೆ ಓಡಿತು. ಚಲನೆಯ ಶಕ್ತಿ ಒಳಗಿನ ಶಕ್ತಿಯ 5 ಶೇಕಡಾ ದಾಟಿದರೆ ನಾನು ಆ ರನ್ ನಂಬುವುದಿಲ್ಲ. ಈ ರನ್ನಿನಲ್ಲಿ ಅದು ಎಲ್ಲೋ ಹೋಗಿತ್ತು. ವಾಪಸ್ 2ಕ್ಕೆ ಬಂದೆ.

ನಿಜವಾದ ಉಳಿತಾಯ ಬೇರೆ ಕಡೆ ಸಿಕ್ಕಿತು. ಬಟ್ಟಲು ಚೌಕ, ಹಾಗಾಗಿ ಕಾಲು ಭಾಗ ಓಡಿಸಿದರೆ ಸಾಕು (ಶೀಟಿನ ರೋಲಿಂಗ್ ದಿಕ್ಕು, ಅಂದರೆ ಅದನ್ನು ಲಟ್ಟಿಸಿದ ದಿಕ್ಕು, ಬಟ್ಟಲಿನ ಬದಿಗೆ ಸಮಾಂತರವಾಗಿದ್ದರೆ ಮಾತ್ರ). ಮೆಶ್ (ಎಲಿಮೆಂಟುಗಳ ಬಲೆ) 8 ಮಿ.ಮೀ.ನಲ್ಲಿ ಶುರು ಮಾಡಿ, ಶೀಟು ರೇಡಿಯಸ್ (ಡೈನ ದುಂಡು ಅಂಚು) ಮೇಲೆ ಹಾಯುವ ಜಾಗದಲ್ಲಿ ಮಾತ್ರ 2ಕ್ಕೆ ಒಡೆಯಲು ಬಿಟ್ಟೆ.

ಮೂರನೆಯದು ಇಂಪ್ಲಿಸಿಟ್. ಹೆಜ್ಜೆ ಕಮ್ಮಿ, ಒಂದೊಂದೂ ಭಾರ. ರಾತ್ರಿ ಹಚ್ಚಿ ಹೋದೆ. ಬೆಳಿಗ್ಗೆ ನೋಡಿದರೆ ಅರ್ಧಕ್ಕೇ ನಿಂತಿದೆ: ಸುಕ್ಕು ಬೀಳುವ ಹೊತ್ತಿಗೆ ಕನ್ವರ್ಜ್ ಆಗಿಲ್ಲ, ಅಂದರೆ ಲೆಕ್ಕ ಒಂದು ಉತ್ತರಕ್ಕೆ ಬಂದು ನಿಂತಿಲ್ಲ. ಆದರೆ ಸ್ಪ್ರಿಂಗ್‌ಬ್ಯಾಕ್‌ಗೆ (ಒತ್ತಿ ಬಿಟ್ಟ ಮೇಲೆ ಶೀಟು ಸ್ವಲ್ಪ ಹಿಂದಕ್ಕೆ ಬರುವುದು) ಇದೇ ಬೇಕು. ಎಕ್ಸ್‌ಪ್ಲಿಸಿಟ್‌ನಲ್ಲಿ ಬಿಟ್ಟರೆ ಪಾರ್ಟು ಸುಮ್ನೆ ಅಲ್ಲಾಡುತ್ತಲೇ ಇರುತ್ತದೆ. ಕೊನೆಗೆ ಒತ್ತುವುದಕ್ಕೆ ಎಕ್ಸ್‌ಪ್ಲಿಸಿಟ್, ಬಿಡುವುದಕ್ಕೆ ಇಂಪ್ಲಿಸಿಟ್ ಅಂತ ಹಂಚಿದೆ. ಶೀಟಿನ ದಪ್ಪದಲ್ಲಿ ಲೆಕ್ಕದ 3 ಬಿಂದು ಇಟ್ಟಿದ್ದನ್ನು 7 ಮಾಡಿದ ಮೇಲೆ ಅಂಚು ಏಳುವ ಕೋನವೂ ಟ್ರೈಔಟ್‌ಗೆ (ಪ್ರೆಸ್ಸಿನಲ್ಲಿ ನಿಜವಾಗಿ ಒತ್ತಿ ನೋಡುವುದು) ಹತ್ತಿರ ಬಂತು.

ಟ್ರೈಔಟ್ ದಿನ ನಾನು ಅಪಾಯದ ಮೂಲೆಯನ್ನು ಕಂಪ್ಯೂಟರ್ ಕೆಂಪಾಗಿ ತೋರಿಸಿದ ಪ್ರಿಂಟ್ ಹಿಡಿದು ಪ್ರೆಸ್ ಹತ್ತಿರ ಹೋದೆ. ಮೇಸ್ತ್ರಿ ಆಗಲೇ ಮೂಲೆಗೆ ಹೆಬ್ಬೆರಳು ಒತ್ತಿ ಹೇಳಿದರು: 'ಇಲ್ಲಿ ತೆಳ್ಳಗಾಗಿದೆ ಸಾರ್.'