ಸರ್ಕ್ಯೂಟ್ ಕಿಟ್ ತಗೊಂಡ್ವಿ, ಕೋಲಾರದ ಬೋರ್ ನೀರೂ ಟೆಸ್ಟ್ ಆಯ್ತು

ಐದನೇ ಕ್ಲಾಸ್ ಓದೋ ಮಗಳಿಗೆ ಅಂತ ಕೋಲಾರದಲ್ಲೇ ಒಂದು ಸ್ಟೇಷನರಿ ಅಂಗಡೀಲಿ ಈ ಸರ್ಕ್ಯೂಟ್ ಕಿಟ್ ತಗೊಂಡೆ, ಆರ್ನೂರು ಚಿಲ್ರೆ ಆಯ್ತು. ಎರಡು ಪುಟ್ಟ ಬಲ್ಬು, ಒಂದು ಕೆಂಪು ಎಲ್ಇಡಿ, ಬಝರ್, ಮೋಟ್ರು, ಸ್ವಿಚ್ಚು, ಕ್ಲಿಪ್ ಇರೋ ವೈರುಗಳು, ಮೂರು ಸೆಲ್ ಹಾಕೋ ಡಬ್ಬಿ. ಒಟ್ಟು ನಾಲ್ಕೂವರೆ ವೋಲ್ಟ್ ಅಷ್ಟೇ, ಮುಟ್ಟಿದ್ರೆ ಶಾಕ್ ಹೊಡೆಯಲ್ಲ.

ಒತ್ತಿ ಕೂರಿಸೋ ಪ್ಲಾಸ್ಟಿಕ್ ಬ್ಲಾಕ್ ಕಿಟ್‌ಗಳು ಬರುತ್ವಲ್ಲ, ಅದಕ್ಕಿಂತ ಇದೇ ವಾಸಿ. ಅದ್ರಲ್ಲಿ ಚಿತ್ರ ನೋಡ್ಕೊಂಡು ಜೋಡಿಸಿದ್ರೆ ಉರಿದ್ಬಿಡುತ್ತೆ, ಯಾಕೆ ಅಂತ ಮಕ್ಕಳು ಕೇಳೋದೇ ಇಲ್ಲ. ಇದ್ರಲ್ಲಿ ಎರಡು ಬಲ್ಬನ್ನ ಒಂದೇ ಸಾಲಲ್ಲಿ ಸಿಗಿಸಿದ್ರೆ ಎರಡೂ ಮಂಕು, ಒಂದು ಬಿಚ್ಚಿದ್ರೆ ಇನ್ನೊಂದೂ ಆಫ್, ಗಣೇಶನ ಹಬ್ಬದ ಸೀರಿಯಲ್ ಸೆಟ್ಟಲ್ಲಿ ಒಂದು ಬಲ್ಬ್ ಹೋದ್ರೆ ಸಾಲಿಗೆ ಸಾಲೇ ಯಾಕೆ ಹೋಗುತ್ತೆ ಅಂತ ಅವಳೇ ಹೇಳಿದ್ಲು. ಪ್ಯಾರಲಲ್ ಮಾಡಿದ್ರೆ, ಅಂದ್ರೆ ಒಂದೊಂದು ಬಲ್ಬಿಗೂ ಬೇರೆ ಬೇರೆ ದಾರಿ ಕೊಟ್ರೆ, ಎರಡೂ ಜೋರಾಗಿ ಉರಿಯುತ್ತೆ, ಮನೆ ವೈರಿಂಗೂ ಹಂಗೇನೇ.

ಮಜಾ ಬಂದಿದ್ದು ಯಾವುದ್ರಲ್ಲಿ ಕರೆಂಟ್ ಹರಿಯುತ್ತೆ ಅಂತ ನೋಡೋ ಆಟದಲ್ಲಿ. ಚಮಚ, ಬೀಗದ ಕೈ, ಎರಡೂ ಕಡೆ ಚೂಪು ಮಾಡಿದ ಪೆನ್ಸಿಲ್ ಎಲ್ಲಾ ಆಯ್ತು. ಆಮೇಲೆ ನೀರು. ಫಿಲ್ಟರ್ ನೀರಲ್ಲಿ ಎಲ್ಇಡಿ ಹತ್ತಲೇ ಇಲ್ಲ, ಉಪ್ಪು ಹಾಕಿದ ಮೇಲೆ ಹತ್ತಿತು, ನಮ್ಮ ಬೋರ್ ನೀರಲ್ಲಿ ಉಪ್ಪೇ ಹಾಕ್ದೆ ಮಿಣುಕ್ ಅಂತು! ಬೋರ್ ನೀರಲ್ಲಿ ಲವಣ ಕರಗಿರುತ್ತೆ ಅನ್ನೋದಕ್ಕೆ ಬೇರೆ ಪಾಠ ಬೇಕಾಗ್ಲಿಲ್ಲ. ಒಂದು ವಿಷ್ಯ, ಕ್ಲಿಪ್ಪನ್ನೇ ನೀರಿಗೆ ಅದ್ದಬೇಡಿ, ಪ್ಲಸ್ ಕಡೆದು ತುಕ್ಕು ಹಿಡಿಯುತ್ತೆ, ಮೊಳೆ ಸಿಗಿಸಿ ಅದ್ದಿ.

ಬುಕ್ಲೆಟ್ ಮಾತ್ರ ದಂಡ. ಬರೀ ಇಂಗ್ಲಿಷು, ಎಲ್ಇಡಿ ಜೊತೆ ಕರೆಂಟ್ ಕಮ್ಮಿ ಮಾಡೋ ಒಂದು ರೆಸಿಸ್ಟರ್ ಕೊಟ್ಟಿದ್ದಾರೆ, ಅದಿಲ್ದೆ ನೇರ ಸಿಗಿಸಿದ್ರೆ ಎಲ್ಇಡಿ ಸುಟ್ಟು ಹೋಗ್ಬಹುದು ಅಂತ ಒಂದು ಸಾಲೂ ಇಲ್ಲ, ಉದ್ದ ಕಾಲು ಪ್ಲಸ್‌ಗೆ ಅನ್ನೋದೂ ಇಲ್ಲ. ಮೊದಲ ಪುಟ ಪೂರ್ತಿ ಎಡಿಸನ್ ಫೋಟೋ. 1902ರಲ್ಲೇ ಶಿವನಸಮುದ್ರದಿಂದ ನಮ್ಮ ಕೆಜಿಎಫ್ ಗಣಿಗೆ ಲೈನ್ ಎಳೆದು ಕರೆಂಟ್ ತಂದಿದ್ರು ಅನ್ನೋದನ್ನ ನಾವೇ ಹೇಳ್ಕೋಬೇಕು ಬಿಡಿ.

ಸೆಲ್ ಡಬ್ಬಿ ಸ್ಪ್ರಿಂಗು ಲೂಸು, ಅಲ್ಲಾಡಿಸಿದ್ರೆ ಕಾಂಟ್ಯಾಕ್ಟ್ ಹೋಗುತ್ತೆ. ಎರಡು ವೈರನ್ನ ನೇರ ಮುಟ್ಟಿಸಿಟ್ರೆ ಬಿಸಿ ಆಗುತ್ತೆ, ಆದ್ರಿಂದ ಚಿಕ್ಕ ಮಕ್ಕಳ ಹತ್ರ ದೊಡ್ಡೋರು ಕೂತಿರಿ, ಗೋಡೆ ಪ್ಲಗ್ಗಿನ ಹತ್ರ ಇದನ್ನ ತಗೊಂಡು ಹೋಗೋಕೇ ಬಿಡಬೇಡಿ. ಐದರಿಂದ ಏಳನೇ ಕ್ಲಾಸ್‌ಗೆ ಸರಿ. ಸೆಲ್ ಬಾಕ್ಸಲ್ಲಿ ಬರಲ್ಲ, ಬರ್ತಾ ಬೇರೆ ತಗೊಂಡ್ ಬನ್ನಿ.