ತೂಕ ಒಂದೇ ಅಂತ ಕೋಟೆಡ್ ಬುಲೆಟ್‌ಗೆ ಹಳೇ ಸೆಟ್ಟಿಂಗಲ್ಲೇ ತೋಟಾ ತುಂಬಿಸಬೇಡಿ

ಅಮೆರಿಕದಲ್ಲಿ ಮನೆಯಲ್ಲೇ 9 ಎಂಎಂ ಪಿಸ್ತೂಲ್ ತೋಟಾ ರೀಲೋಡ್ ಮಾಡುವ, ಅಂದರೆ ಹೊಡೆದ ಖಾಲಿ ಹಿತ್ತಾಳೆ ಕೇಸಿಗೆ ಮತ್ತೆ ಪೌಡರ್, ಬುಲೆಟ್ ತುಂಬಿಸುವ ಕನ್ನಡಿಗರು ಒಂದಷ್ಟು ಜನ ಇದ್ದೀರಿ, ಇದು ನಿಮಗೆ. ಊರಲ್ಲಿರುವವರು ಓದಿ ಕೈ ಹಾಕೋಕೆ ಹೋಗಬೇಡಿ, ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು 1959ರ ಆಯುಧ ಕಾಯ್ದೆ ಪ್ರಕಾರ ಅಪರಾಧ. ನಾನು ಕೊಡಗಿನವನು. ನಮ್ಮ ಆಯುಧ ಪೂಜೆ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್ ಪೂ (ಕೋವಿ ಹೂ) ಇಟ್ಟು ಕೈ ಮುಗಿದು ಬೆಳೆದವನು, ನನಗೇನು ಹೇಳಿಕೊಡೋದು ಅನ್ನೋ ಜಂಬ ಬೇರೆ ಇತ್ತು.

ಎರಡು ವರ್ಷ ಜಾಕೆಟೆಡ್, ಅಂದರೆ ಸೀಸದ ಮೇಲೆ ತಾಮ್ರದ ಕವಚ ಇರುವ ಬುಲೆಟ್ ಬಳಸುತ್ತಿದ್ದೆ. ರೇಟು ಏರಿತು ಅಂತ ಕೋಟೆಡ್ ತರಿಸಿದೆ. ಸೀಸದ ಬುಲೆಟ್‌ಗೆ ತೆಳ್ಳಗೆ ಪಾಲಿಮರ್ ಬಣ್ಣ ಬಳಿದಿರ್ತಾರಲ್ಲ, ಅದು. ತೂಕ ಮೊದಲಿನಷ್ಟೇ, 124 ಗ್ರೇನ್ (ಸುಮಾರು 8 ಗ್ರಾಂ). ಮತ್ತೇನು ಬದಲಿಸೋದು ಅಂತ ತೋಟಾ ತುಂಬಿಸುವ ಪ್ರೆಸ್‌ನ ಡೈ (ಅಚ್ಚು) ಮುಟ್ಟಲೇ ಇಲ್ಲ.

ಎಡವಿದ್ದು ಅಲ್ಲೇ. ಜಾಕೆಟೆಡ್ ಬುಲೆಟ್ 0.355 ಇಂಚು ದಪ್ಪ, ಕೋಟೆಡ್ ಸಾಮಾನ್ಯವಾಗಿ 0.356. ಕೂದಲೆಳೆ ವ್ಯತ್ಯಾಸ, ಆದರೆ ಕೇಸಿನ ಬಾಯಿ ಇನ್ನಷ್ಟು ಅಗಲ ಮಾಡದಿದ್ದರೆ ಬುಲೆಟ್ ಒಳಗೆ ಇಳಿಯುವಾಗ ಅಂಚು ಬಣ್ಣ ಕೆರೆದು ಹಾಕುತ್ತೆ. ಪ್ರೆಸ್ ಕೆಳಗೆ ಕೆಂಪು ಸಿಪ್ಪೆ ಸುರುಳಿ ಸುರುಳಿಯಾಗಿ ಬಿದ್ದಿತ್ತು, ನಾನು ಗುಡಿಸಿ ಮುಂದೆ ಹೋದೆ. ಬಣ್ಣ ಹೋದ ಕಡೆಯಿಂದ ಬರೀ ಸೀಸ ಬ್ಯಾರೆಲ್‌ಗೆ ಮೆತ್ತಿಕೊಂಡಿತು, ಅದನ್ನು ಕಂಚಿನ ಬ್ರಷ್ಷಲ್ಲಿ ತಿಕ್ಕಿ ತೆಗೆಯೋಕೆ ಮೂರು ಸಂಜೆ ಬೇಕಾಯಿತು. ಬುಲೆಟ್ ಮೂತಿಯ ಆಕಾರವೂ ಬೇರೆ. ತೋಟಾದ ಹಳೇ ಉದ್ದಕ್ಕೇ ಕೂರಿಸಿದ್ದರಿಂದ ಕೆಲವು ರೈಫ್ಲಿಂಗ್‌ಗೆ (ಬ್ಯಾರೆಲ್ ಒಳಗಿನ ಸುರುಳಿ ಗೆರೆಗಳಿಗೆ) ತಾಗಿ, ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡ್ ಪೂರ್ತಿ ಮುಚ್ಚಲಿಲ್ಲ. ಬ್ಯಾರೆಲ್ ಬಿಚ್ಚಿ ಕೈಯಲ್ಲಿ ಹಿಡಿದು ಅದರೊಳಗೆ ಒಂದು ತೋಟಾ ಇಳಿಬಿಟ್ಟು ನೋಡಬೇಕಿತ್ತು: ಟಕ್ ಅಂತ ಕೂರಬೇಕು, ತಿರುಗಿಸಿದರೆ ತಿರುಗಬೇಕು, ಬಗ್ಗಿಸಿದರೆ ತಾನೇ ಉದುರಬೇಕು. ಹಾಗಂತ ಬುಲೆಟ್‌ನ ಸುಮ್ನೆ ಇನ್ನೂ ಒಳಗೆ ಒತ್ತಿದರೆ ಒತ್ತಡ ಏರುತ್ತೆ, ಆಗ ಯಾವ ಬುಲೆಟ್‌ಗೆ ಎಷ್ಟು ಪೌಡರ್ ಅಂತ ಹೇಳುವ ಲೋಡ್ ಪುಸ್ತಕ ತೆಗೆದು ಅದರಲ್ಲಿರುವ ಅತಿ ಕಡಿಮೆ ಪೌಡರ್ ಅಳತೆಯಿಂದಲೇ ಮತ್ತೆ ಶುರು ಮಾಡಬೇಕು.

ಪೌಡರ್‌ದು ಇನ್ನೂ ದೊಡ್ಡ ಕಥೆ. ಪೌಂಡಿಗೆ 7,000 ಗ್ರೇನ್, ತೋಟಾಕ್ಕೆ ಕಡಿಮೆ ಹಿಡಿದರೆ ಡಬ್ಬ ಜಾಸ್ತಿ ದಿನ ಬರುತ್ತೆ ಅಲ್ವಾ? ಅದಕ್ಕೇ ಬೇಗ ಉರಿಯುವ, ಚಿಟಿಕೆಯಷ್ಟು ಸಾಕಾಗುವ ಪೌಡರ್ ಆರಿಸಿದೆ. ಅದು ಕೇಸಿನ ತಳದಲ್ಲೆಲ್ಲೋ ಕೂತಿರುತ್ತೆ, ಎರಡು ಸಲ ಬಿದ್ದರೂ ಗೊತ್ತಾಗಲ್ಲ. ಜಾಗ ತುಂಬುವ ಪೌಡರ್ ಆಗಿದ್ದರೆ ಎರಡನೇ ಸಲಕ್ಕೇ ಮೇಜಿನ ಮೇಲೆ ಚೆಲ್ಲುತ್ತಿತ್ತು. ಮಧ್ಯೆ ಅವ್ವನ ಫೋನ್ ಬಂತು, ಮಾತಾಡುತ್ತಾ ಪ್ರೆಸ್ ಹಿಡಿ ಎಳೆಯುತ್ತಲೇ ಇದ್ದೆ, ಯಾವುದಕ್ಕೆ ಹಾಕಿದೆ ಯಾವುದಕ್ಕೆ ಬಿಟ್ಟೆ ಅನ್ನೋ ಲೆಕ್ಕವೇ ತಪ್ಪಿತು.

ರೇಂಜಲ್ಲಿ ಹದಿನೇಳನೇ ಗುಂಡು ಢಂ ಅನ್ನಲಿಲ್ಲ, ಪುಸ್ ಅಂದಿತು. ಸ್ಲೈಡ್ ಎಳೆದು ಇನ್ನೊಂದು ಹೊಡೆಯೋಕೆ ಹೊರಟಿದ್ದೆ, ಪಕ್ಕದ ಲೇನಿನ ಅಜ್ಜ ಸ್ಟಾಪ್ ಅಂತ ಕಿರುಚಿದರು. ಬಿಚ್ಚಿ ನೋಡಿದರೆ ಬುಲೆಟ್ ಬ್ಯಾರೆಲ್ ಒಳಗೇ ಸಿಕ್ಕಿಕೊಂಡಿದೆ. ಪೌಡರೇ ಬೀಳದ ತೋಟಾ, ಕೇಸಿನ ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್ ಒಂದೇ ಬುಲೆಟ್‌ನ ಅಷ್ಟು ದೂರ ತಳ್ಳಿತ್ತು. ಅದರ ಹಿಂದೆ ಇನ್ನೊಂದು ಹೊಡೆದಿದ್ದರೆ ಬ್ಯಾರೆಲ್ ಸೀಳಬಹುದಿತ್ತು, ಇವತ್ತು ಇದನ್ನು ಟೈಪ್ ಮಾಡೋಕೆ ಬೆರಳು ಎಷ್ಟಿರುತ್ತಿದ್ದವೋ.

ಮಿಕ್ಕ 283 ತೋಟಾಗಳನ್ನು ಬುಲೆಟ್ ಹೊರಗೆ ತೆಗೆಯುವ ಸುತ್ತಿಗೆ ಥರದ ಪುಲ್ಲರಲ್ಲಿ ಕುಟ್ಟಿ ಕುಟ್ಟಿ ಬಿಚ್ಚಿ, ಒಂದೊಂದರ ಪೌಡರೂ ತೂಗಿದೆ. ಒಂದರಲ್ಲಿ ಸರಿಯಾಗಿ ಎರಡು ಪಟ್ಟು ಇತ್ತು.

ಈಗ ಐವತ್ತು ಕೇಸ್‌ಗೆ ಪೌಡರ್ ಹಾಕಿ ಟ್ರೇಯಲ್ಲಿ ನಿಲ್ಲಿಸಿ, ಒಂದೊಂದರೊಳಗೂ ಟಾರ್ಚ್ ಬಿಟ್ಟು ನೋಡಿದ ಮೇಲೇ ಬುಲೆಟ್ ಕೂರಿಸುವುದು. ಅವ್ವನ ಫೋನ್ ಬಂದರೆ ಎತ್ತಲ್ಲ, ಮುಗಿದ ಮೇಲೆ ನಾನೇ ಮಾಡುತ್ತೇನೆ.